ಮಣಿ ತೆಗೆದರೂ

ಬಿಷನ್ ಸಿಂಗ್ ಬೇಡಿ ಇರದಿದ್ದರೆ, ಅವರಂತೆಯೇ ಎಡಗೈ ಸ್ಪಿನ್ನರ್ ಆಗಿದ್ದ ರಾಜಿಂದರ್ ಗೋಯಲ್ ಎಷ್ಟು ದೊಡ್ಡ ಬೌಲರ್ ಆಗಿರುತ್ತಿದ್ದರು? ಪುಣೆಯ ಕೋಥರೂಡಿನಲ್ಲಿ ನಮ್ಮ ಸೊಸೈಟಿಯ ಕಟ್ಟೆ ಮೇಲೆ ಈ ಜಗಳ ಇನ್ನೂ ಮುಗಿದಿಲ್ಲ. ಎದುರು ಪಕ್ಷದಲ್ಲಿ ಇರುವವರು ಗಣಿತ ಕಲಿಸಿ ನಿವೃತ್ತರಾದ ಒಬ್ಬ ಮಾಸ್ತರರು, ಅಪ್ಪಟ ಪುಣೇಕರ. ಅವರದು ಒಂದೇ ಮಾತು: “ಒಂದೂ ಟೆಸ್ಟ್ ಆಡಿಲ್ಲ ಅಂದಮೇಲೆ ಲೆಕ್ಕಕ್ಕೇ ಇಲ್ಲ. ಸೊನ್ನೆಯಿಂದ ಭಾಗಿಸೋಕೆ ಆಗುತ್ತೇನು ಅಣ್ಣಾ?”

ನಾನು ವಿಜಯಪುರದ ಕಡೆಯವನು, ಮಾಧ್ವರ ಮನೆಯಲ್ಲಿ ಬೆಳೆದವನು. ಈ ಮಾತು ಕೇಳಿದಾಗಲೆಲ್ಲ ನನ್ನ ಕಿವಿಗೆ ಬೀಳುವುದು ಕ್ರಿಕೆಟ್ ಅಲ್ಲ, ಬೆಂಕಿ ಮತ್ತು ಮಣಿಯ ಹಳೇ ವಾದ. ಬೆಂಕಿ ಸುಡುತ್ತದೆ. ಪಕ್ಕದಲ್ಲಿ ಒಂದು ವಿಶೇಷ ಮಣಿ ಇಟ್ಟರೆ ಸುಡುವುದಿಲ್ಲ ಎಂದು ಶಾಸ್ತ್ರಕಾರರೆಲ್ಲ ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. (ಅಂಥ ಮಣಿ ಯಾವ ಪೇಟೆಯಲ್ಲಿ ಸಿಗುತ್ತದೋ ಕೇಳಬೇಡಿ.) ಬೆಂಕಿ ಅದೇ, ಕಟ್ಟಿಗೆ ಅದೇ. ಹಾಗಾದರೆ ತಪ್ಪಿದ್ದು ಏನು? ಶಕ್ತಿ ಎನ್ನುತ್ತಾನೆ ಮೀಮಾಂಸಕ. ಅದು ಕಣ್ಣಿಗೆ ಕಾಣದ್ದು, ಬೆಂಕಿಗಿಂತ ಬೇರೆಯಾದ ಒಂದು ಪದಾರ್ಥ. ಮಣಿ ತಡೆದದ್ದು ಅದನ್ನು. ನೈಯಾಯಿಕ ಜಿಪುಣ. ಸುಡುವುದಕ್ಕೆ ಬೇಕಾದ ಕಾರಣಗಳಲ್ಲಿ ‘ತಡೆ ಇಲ್ಲದಿರುವುದು’ ಕೂಡ ಒಂದು. ಆ ಒಂದು ಕಾರಣ ಕೂಡಿಬರಲಿಲ್ಲ, ಸುಡಲಿಲ್ಲ, ಅಷ್ಟೇ. ಒಳಗೆ ಅಡಗಿ ಕೂತ ಶಕ್ತಿಯೊಂದನ್ನು ಕಲ್ಪಿಸಿಕೊಳ್ಳುವ ಖರ್ಚು ಯಾಕೆ ಎಂಬುದು ಅವನ ಪ್ರಶ್ನೆ. ಇಂಥ ಪದಗಳನ್ನೆಲ್ಲ ಒಂದೆಡೆ ಕಲೆಹಾಕಿದ ಭೀಮಾಚಾರ್ಯ ಝಳಕೀಕರರ ‘ನ್ಯಾಯಕೋಶ’ದ 1928ರ ಆವೃತ್ತಿಯನ್ನು ಹೊರತಂದದ್ದು ಇದೇ ಊರಿನ ಭಾಂಡಾರಕರ ಸಂಸ್ಥೆ. ಮಾಸ್ತರರು ಆ ಪುಸ್ತಕ ಮುಟ್ಟಿದವರಲ್ಲ, ಆದರೂ ಹುಟ್ಟು ನೈಯಾಯಿಕರು.

ಮೊದಮೊದಲು ನಾನು ಅವರನ್ನು ಕಿರ್ಮಾನಿಯಿಂದ ಹೊಡೆಯುತ್ತಿದ್ದೆ. ನಮ್ಮ ಸಯ್ಯದ್ ಕಿರ್ಮಾನಿ 1971ರಲ್ಲಿ, ಮತ್ತೆ 1974ರಲ್ಲಿ ಇಂಗ್ಲೆಂಡಿಗೆ ಹೋಗಿ ಒಂದೂ ಟೆಸ್ಟ್ ಆಡದೆ ವಾಪಸ್ಸು ಬಂದವರು. ಸ್ಟಂಪಿನ ಹಿಂದೆ ಫಾರೂಕ್ ಇಂಜಿನಿಯರ್ ನಿಂತಿದ್ದರು. ಮಾಸ್ತರರ ಲೆಕ್ಕದಲ್ಲಿ 1975ರ ಡಿಸೆಂಬರಿನ ಕಿರ್ಮಾನಿ ಸೊನ್ನೆ. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್. ಮುಂದಿನದೇ ಪಂದ್ಯ ಕ್ರೈಸ್ಟ್‌ಚರ್ಚ್‌ನಲ್ಲಿ. ಒಂದೇ ಇನಿಂಗ್ಸಿನಲ್ಲಿ ಆರು ಬಲಿ, ಆಗಿನ ವಿಶ್ವದಾಖಲೆಗೆ ಸಮ. ಆ ಕೈ ಏನು ವಿಮಾನದಲ್ಲಿ ಮೊಳೆಯಿತೆ? ನಮ್ಮವರು ಶಕ್ತಿಯಲ್ಲಿ ಸಹಜ ಎಂದೊಂದು, ಆಧೇಯ ಎಂದೊಂದು ಬಗೆ ಹೇಳುತ್ತಾರೆ. ಪ್ರತಿಷ್ಠೆಯಾದ ಮೇಲೆ ವಿಗ್ರಹಕ್ಕೆ ಬರುವುದು ಆಧೇಯ. ಆಯ್ಕೆಗಾರರು ಟೊಪ್ಪಿಗೆಯ ಜೊತೆ ಕೊಡಬಹುದಾದದ್ದು ಅದೊಂದೇ. ಸಹಜವಾದದ್ದು ಅವರ ಸಭೆಗೆ ಮೊದಲೇ ಇತ್ತು.

ಈ ವಾದ ಗೆಲ್ಲುತ್ತದೆ, ಆದರೆ ತೀರಾ ಹೆಚ್ಚು ಗೆಲ್ಲುತ್ತದೆ. ಒಳಗಿನ ಶಕ್ತಿಯ ಮಾತಿಗೆ ಬಾಗಿಲು ತೆರೆದರೆ ಒಳಬರುವವರು ಗೋಯಲ್ ಒಬ್ಬರೇ ಅಲ್ಲ. ‘ಅವಕಾಶ ಸಿಕ್ಕಿದ್ದರೆ’ ಎನ್ನುವವನು ಸದಾಶಿವ ಪೇಟೆಯ ಪ್ರತಿ ವಾಡೆಯಲ್ಲೂ ಒಬ್ಬನಿದ್ದಾನೆ. ಅವನನ್ನು ಹೊರಗಿಡುವುದಕ್ಕಾದರೂ ನೈಯಾಯಿಕನ ಜಿಪುಣತನ ಬೇಕು.

1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್ ನಡೆಯಿತು. ಶಿಸ್ತಿನ ಕಾರಣಕ್ಕೆ ಬೇಡಿಯನ್ನು ಹೊರಗಿಟ್ಟಿದ್ದರು; ಗೋಯಲ್ ತಂಡದ ಜೊತೆಗಿದ್ದರು. ಮಣಿ ತೆಗೆದಾಗಿತ್ತು. ಆದರೂ ಹನ್ನೊಂದರಲ್ಲಿ ಗೋಯಲ್ ಹೆಸರಿಲ್ಲ! ಪ್ರಸನ್ನ, ವೆಂಕಟರಾಘವನ್ ಇಬ್ಬರೂ ಆಫ್ ಸ್ಪಿನ್ನರುಗಳೇ ಆಡಿದರು. ಅಂದಮೇಲೆ ಬೇಡಿಯ ನೆರಳು ಎಂಬುದು ಪೂರ್ತಿ ಕಾರಣವಲ್ಲ. ನೆರಳನ್ನು ದೂರುವುದು ಸುಲಭ, ಯಾಕೆಂದರೆ ಅದು ಸಭೆ ಸೇರಿ ಪಟ್ಟಿ ಬರೆಯುವುದಿಲ್ಲ.

ಅಷ್ಟಕ್ಕೂ ಗೋಯಲ್ ಸುಡದ ಬೆಂಕಿಯೇ? ರಣಜಿಯಲ್ಲಿ 637 ವಿಕೆಟ್, ಪ್ರಥಮ ದರ್ಜೆಯಲ್ಲಿ ಒಟ್ಟು 750. ಮುಂಬಯಿಯ ಪದ್ಮಾಕರ ಶಿವಾಲ್ಕರ್ ಕೂಡ ಅದೇ ಎಡಗೈ, ಅದೇ ಹಣೆಬರಹ. 589 ವಿಕೆಟ್ ತೆಗೆದವರು; 1973ರ ರಣಜಿ ಫೈನಲ್ಲಿನಲ್ಲಿ ಚೆಪಾಕ್‌ನಲ್ಲಿ ತಮಿಳುನಾಡಿನ ಹದಿಮೂರು ವಿಕೆಟ್ ಕಿತ್ತವರು. ಇದು ಅಡಗಿದ ಶಕ್ತಿಯಲ್ಲ, ಕಣ್ಣೆದುರೇ ಸುಟ್ಟದ್ದು. ಇವರ ವಿಷಯದಲ್ಲಿ ‘ಆಗಿರುತ್ತಿದ್ದರು’ ಎಂದು ಮರುಗುವವರು ಹೊಗಳುತ್ತಿದ್ದೇವೆ ಎಂದುಕೊಂಡು ಕಿರಿದು ಮಾಡುತ್ತಾರೆ. ಅವರು ದೊಡ್ಡ ಬೌಲರುಗಳು ಆಗಿದ್ದರು. ಈಗ ನಾನು ಮಾಸ್ತರರಿಗೆ ಹೇಳುವುದು ಇಷ್ಟೇ: ನಿಮ್ಮ ಭಾಗಾಕಾರ ಸರಿ, ಛೇದದಲ್ಲಿ ಸೊನ್ನೆ ಇದೆಯೆಂದು ನಿಮಗೆ ಹೇಳಿದ್ದು ಯಾರು? ಲಾರ್ಡ್ಸ್‌ನಲ್ಲಿ ಹತ್ತಿದ್ದು ಮಾತ್ರ ಬೆಂಕಿ, ರೋಹ್ತಕ್‌ನಲ್ಲಿ ಹತ್ತಿದ್ದು ಅಲ್ಲ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮಾಸ್ತರರು ಅಷ್ಟಕ್ಕೆ ಬಿಡುವವರಲ್ಲ, ತಮ್ಮ ಊರಿನ ಉದಾಹರಣೆ ತೆಗೆಯುತ್ತಾರೆ. 1948ರ ಡಿಸೆಂಬರ್, ಪೂನಾ ಕ್ಲಬ್ ಮೈದಾನ. ಕಾಠಿಯಾವಾಡದ ವಿರುದ್ಧ ಮಹಾರಾಷ್ಟ್ರ 4 ವಿಕೆಟ್ಟಿಗೆ 826. ಕೊಲ್ಹಾಪುರದ ಭಾವುಸಾಹೇಬ ನಿಂಬಾಳ್ಕರ್ ಅಜೇಯ 443. ಬ್ರಾಡ್‌ಮನ್ನರ ಆಗಿನ ದಾಖಲೆ 452ಕ್ಕೆ ಒಂಬತ್ತು ಕಡಿಮೆ ಇದ್ದಾಗ ಎದುರು ತಂಡ ಇನ್ನು ಆಡುವುದಿಲ್ಲ ಎಂದು ಗಂಟುಮೂಟೆ ಕಟ್ಟಿ ಹೊರಟೇಬಿಟ್ಟಿತು. ನಿಂಬಾಳ್ಕರ್ ಕೊನೆಗೂ ಒಂದೂ ಅಧಿಕೃತ ಟೆಸ್ಟ್ ಆಡಲಿಲ್ಲ.

ಆ ಒಂಬತ್ತು ರನ್ನುಗಳು ಏನು? ಹುಟ್ಟುವ ಮುಂಚಿನ ಇಲ್ಲದಿರುವಿಕೆಯನ್ನು ನೈಯಾಯಿಕರು ಪ್ರಾಗಭಾವ ಎನ್ನುತ್ತಾರೆ. ಅದಕ್ಕೆ ಮೊದಲಿಲ್ಲ, ಆದರೆ ಕೊನೆ ಇರಲೇಬೇಕು. ವಸ್ತು ಹುಟ್ಟಿದ ಕ್ಷಣ ಅದು ಮುಗಿಯುತ್ತದೆ. 444ನೆಯ ರನ್ನು ಹುಟ್ಟಲೇ ಇಲ್ಲ. ಹಾಗಾಗಿ ಅದಕ್ಕೆ ಪ್ರಾಗಭಾವ ಇತ್ತು ಎನ್ನುವಂತೆಯೂ ಇಲ್ಲ. ಮೊಲದ ಕೊಂಬಿನ ಸಾಲಿನಲ್ಲಿ ಅದನ್ನು ಕೂರಿಸಲು ನನಗೆ ಮನಸ್ಸು ಬಾರದು. ಈ ಒಂಬತ್ತು ರನ್ನಿನ ಮಟ್ಟಿಗೆ ನಾನು ಮೀಮಾಂಸಕ ಎಂದೆ.

“ಹನೀಫ್ ಮಹಮ್ಮದ್?” ಎಂದರು ಮಾಸ್ತರರು. ಸರಿಯಾದ ಏಟು. 1959ರ ಜನವರಿಯಲ್ಲಿ ಕರಾಚಿಯಲ್ಲಿ 499ಕ್ಕೆ ತಲುಪಿ ಐನೂರನೆಯದಕ್ಕೆ ಓಡಿ ರನೌಟ್ ಆದವರು ಹನೀಫ್. ಒಂದು ರನ್ನಿಗೇ ಖಾತ್ರಿ ಇಲ್ಲದಾಗ ಒಂಬತ್ತಕ್ಕೆ ಎಲ್ಲಿಂದ ತರುತ್ತೀರಿ?

ತರುವುದಿಲ್ಲ ಮಾಸ್ತರರೇ. ಹನೀಫ್ ಓಡಿದರು, ಔಟಾದರು. ಅವರ ಪಾಲಿನದು ಅವರಿಗೆ ಸಿಕ್ಕಿತು. ನಿಂಬಾಳ್ಕರ್‌ಗೆ 443ರಲ್ಲಿ ಬೌಲ್ಡ್ ಆಗುವುದಕ್ಕೂ ಕಾಠಿಯಾವಾಡ ಬಿಡಲಿಲ್ಲ. ಆ ಬೆಂಗಳೂರು ಟೆಸ್ಟಿನಲ್ಲಿ ಗ್ರೀನಿಜ್ 93 ಮತ್ತು 107 ಹೊಡೆದರು, ಲಾಯ್ಡ್ 163. ಗೋಯಲ್ ಆಡಿದ್ದರೆ ಅವರನ್ನೂ ಚಚ್ಚಿ ಹಾಕುತ್ತಿದ್ದರೋ ಏನೋ. ಚಚ್ಚಿಸಿಕೊಳ್ಳುವುದೂ ಅವರ ಹಕ್ಕಾಗಿತ್ತು.