ನೋಟಕ್ಕೆ ಋಣವುಂಟೆ?

ಪರಸ್ಥಳಕ್ಕೆ ಹೋಗಿಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆ 'ಏನೇನು ನೋಡಿದಿರಿ?' ಎಂಬುದು. 'ನೋಡಿದುದರಿಂದ ನಿಮ್ಮ ಮೇಲೆ ಯಾವ ಹೊಣೆ ಬಿತ್ತು?' ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅಧಿಕಪ್ರಸಂಗವೆನಿಸೀತು. ಕಣ್ಣು ನಮ್ಮದು, ಕಾಸು ನಮ್ಮದು. ನೋಡಿದ ಮಾತ್ರಕ್ಕೆ ಯಾರ ಗಂಟೂ ಕರಗುವುದಿಲ್ಲ. ಹೀಗಿರುವಾಗ ಋಣದ ಮಾತೆಲ್ಲಿ ಬಂತು ಎಂಬುದು ಲೋಕನ್ಯಾಯ. ಈ ನ್ಯಾಯವು ಎಷ್ಟು ದೂರ ಸಲ್ಲುತ್ತದೆಂಬುದನ್ನು ಪರೀಕ್ಷಿಸುವುದಕ್ಕೆ ನಾವು ದಕ್ಷಿಣ ಅಮೆರಿಕದ ಒಂದು ರಾಜಧಾನಿಯನ್ನು ಆರಿಸಿಕೊಂಡಿದ್ದೇವೆ. ಭೂಪಟದ ಪಾಠದಲ್ಲಿ ಅರ್ಜೆಂಟೀನದ ರಾಜಧಾನಿಯೆಂದು ಮಕ್ಕಳು ಉರುಹೊಡೆಯುವ ಬ್ಯೂನಸ್ ಐರಿಸ್ ನಗರವೇ ಅದು. ಆ ಹೆಸರಿಗೆ 'ಒಳ್ಳೆಯ ಗಾಳಿ' ಎಂದು ಅರ್ಥ.

ಊರು ನೋಡಲು ಬಂದವನಿಗೆ ಅಲ್ಲಿ ಒಂದು ದಾರಿ ಸಿದ್ಧವಾಗಿಯೇ ಇರುತ್ತದೆ. 1936ರಲ್ಲಿ ಎದ್ದ ಅರುವತ್ತೇಳೂವರೆ ಮೀಟರ್ ಎತ್ತರದ ಕಂಬ. 1908ರ ಕೊಲೋನ್ ನಾಟ್ಯಮಂದಿರ. ಎವಾ ಪೆರೋನಳ ಸಮಾಧಿಯಿರುವ ರೆಕೊಲೆಟ ಶ್ಮಶಾನ. ಇವು ಭವ್ಯವಾದುವು, ನೋಡತಕ್ಕವು. ಆದರೆ ನಮ್ಮ ಪ್ರಶ್ನೆಗೆ ಇವುಗಳಿಂದ ಹೆಚ್ಚಿನ ಸಹಾಯವಿಲ್ಲ. ಕಟ್ಟಿದವರು ಇತರರು ನೋಡಿ ಬೆರಗಾಗಲೆಂದೇ ಕಟ್ಟಿದರು, ನೋಡಿದವರು ಬೆರಗಾದರು; ಲೆಕ್ಕ ಅಲ್ಲಿಗೆ ಚುಕ್ತಾ.

ಲಾ ಬೋಕ ಎಂಬ ಬಂದರುಕೇರಿಯಲ್ಲಿ ಮಾತ್ರ ಲೆಕ್ಕ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹಿಂದಿನ ಶತಮಾನಗಳಲ್ಲಿ ಇಟಲಿಯ ಜೆನೋವದಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಕಾರರು ಹಲಗೆ ಮತ್ತು ತಗಡಿನಿಂದ ಇಲ್ಲಿ ಮನೆ ಕಟ್ಟಿಕೊಂಡರು. ಒಂದೊಂದು ವಠಾರದಲ್ಲಿ ಹಲವು ಸಂಸಾರಗಳು. ಹಡಗಿಗೆ ಬಳಿದು ಉಳಿದ ಬಣ್ಣವನ್ನು ತಂದು ಗೋಡೆಗೆ ಬಳಿದರಂತೆ. ಒಂದು ಬಣ್ಣ ಮುಗಿದಲ್ಲಿ ಇನ್ನೊಂದು. ದಾರಿದ್ರ್ಯದಿಂದ ಹುಟ್ಟಿದ ಈ ಚಿತ್ತಾರವನ್ನು ಬೆನಿತೊ ಕಿಂಕೇಲ ಮಾರ್ಟಿನ್ ಎಂಬ ಚಿತ್ರಕಾರ ಕಂಡು ಮೆಚ್ಚಿದ. ಆತನು ತೊರೆದುಹೋದ ಶಿಶುವಾಗಿ ಅನಾಥಾಲಯದಲ್ಲಿ ಬೆಳೆದು, ಇದ್ದಿಲು ಮಾರುವ ದಂಪತಿಗಳಿಗೆ ಸಾಕುಮಗನಾಗಿ, ತಾನೂ ಇದ್ದಿಲು ಹೊತ್ತವನು. ಪಾಳುಬಿದ್ದ ರೈಲುದಾರಿಯೊಂದನ್ನು ನೆರೆಯವರೊಡನೆ ಸೇರಿ ಹಸನುಮಾಡಿ, 'ಕಮಿನೀತೊ' ಎಂಬ ಬಣ್ಣದ ಬೀದಿಯಾಗಿಸಿದುದು ಆತನ ಸಾಹಸ. 1959ರಲ್ಲಿ ಅದು ಬೀದಿಯೇ ವಸ್ತುಸಂಗ್ರಹಾಲಯವೆಂಬಂತೆ ಪ್ರಸಿದ್ಧಿಗೆ ಬಂದಿತು. ಅದಕ್ಕೂ ಮೊದಲು, 1936ರಲ್ಲಿ, ಆತನು ಚಿತ್ರಗಳಿಂದ ಬಂದ ಹಣದಲ್ಲಿ ನೆಲವನ್ನು ಕೊಂಡು ದಾನವಿತ್ತು ಆ ಕೇರಿಯ ಮಕ್ಕಳಿಗೊಂದು ಪ್ರಾಥಮಿಕ ಶಾಲೆಯಾಗುವಂತೆ ಮಾಡಿದ್ದ. ಅದರ ಗೋಡೆಗಳ ಮೇಲೆ ಬಂದರಿನ ದುಡಿಮೆಯ ಚಿತ್ರಗಳನ್ನು ತಾನೇ ಬರೆದ. ಉಪಾಧ್ಯಾಯರಾದ ನಮಗೆ ಬೀದಿಗಿಂತ ಈ ಶಾಲೆಯೇ ಹೆಚ್ಚು ಹಿಡಿಸುತ್ತದೆಂಬುದನ್ನು ಮುಚ್ಚಿಡುವುದಿಲ್ಲ.

ಈಗ ಆ ಬೀದಿಯಲ್ಲಿ ಟ್ಯಾಂಗೊ ಕುಣಿಯುವವರು ಪ್ರವಾಸಿಗಳೊಡನೆ ಭಾವಚಿತ್ರಕ್ಕೆ ನಿಂತು ಕಾಸು ಪಡೆಯುತ್ತಾರೆ. ಅದೇ ಹೊತ್ತಿಗೆ, ಬಣ್ಣದ ಬೀದಿಯನ್ನು ಬಿಟ್ಟು ಪಕ್ಕದ ಗಲ್ಲಿಗಳಿಗೆ ಹೋಗಬೇಡಿರೆಂದು ಪ್ರವಾಸಿಗಳಿಗೆ ಬುದ್ಧಿ ಹೇಳುವುದೂ ವಾಡಿಕೆ. ಬಡವರ ಬಣ್ಣವನ್ನು ನೋಡಿರಿ, ಬಡವರ ಹತ್ತಿರ ಸುಳಿಯದಿರಿ ಎಂದಂತಾಯಿತು. ಎಚ್ಚರಿಕೆಯ ಮಾತು ಸುಳ್ಳೆಂದು ನಾವು ವಾದಿಸುವುದಿಲ್ಲ. ಕಳ್ಳತನದ ಭಯ ನಿಜವೇ ಇರಬಹುದು. ಆದರೆ ತಗಡಿನ ಗೋಡೆ ಚೆಲುವಾಗಿ ಕಂಡುದು ಅದರ ಹಿಂದೆ ಇರುವವರು ಕಾಣದೆ ಇದ್ದುದರಿಂದಲೇ ಎಂದಾದರೆ, ಆ ಚೆಲುವನ್ನು ಉಂಡ ಕಣ್ಣು ಏನನ್ನೋ ಬಾಕಿ ಉಳಿಸಿಕೊಂಡಿದೆ ಎನ್ನಬೇಕಾಗುತ್ತದೆ.

ಹೆಚ್ಚು ನೋಡಿದವನಿಗೆ ಹೆಚ್ಚು ಋಣವೆಂದೂ ಇಲ್ಲ. 1924ರ ನವೆಂಬರಿನಲ್ಲಿ ಪೆರು ದೇಶಕ್ಕೆ ಹೊರಟಿದ್ದ ರವೀಂದ್ರನಾಥ ಠಾಕೂರರು ಅಸ್ವಸ್ಥರಾಗಿ ಈ ನಗರದಲ್ಲಿಯೇ ನಿಲ್ಲಬೇಕಾಯಿತು. ವಿಕ್ಟೋರಿಯ ಒಕಾಂಪೊ ಎಂಬ ವಿದುಷಿ ನಗರದ ಹೊರಗೆ ಸಾನ್ ಇಸಿದ್ರೊದಲ್ಲಿ, ನದಿ ಕಾಣುವ ಮನೆಯೊಂದರಲ್ಲಿ ಅವರನ್ನು ಇಳಿಸಿ ಉಪಚರಿಸಿದಳು. ವಿಶ್ರಾಂತಿಯಲ್ಲಿಯೇ ದಿನಗಳನ್ನು ಕಳೆದು ಮುಂದಿನ ಜನವರಿಯಲ್ಲಿ ಅವರು ಹೊರಟರು. ಆ ಮನೆಯನ್ನು ಅವರು ಮರೆಯಲಿಲ್ಲ. 'ಪೂರಬಿ' ಎಂಬ ಕವನಸಂಗ್ರಹವನ್ನು ವಿಜಯಾ ಎಂಬ ಹೆಸರಿನಲ್ಲಿ ಆಕೆಗೆ ಅರ್ಪಿಸಿದರು. ಕಿಟಕಿಯಿಂದ ಕಂಡ ಅಷ್ಟಕ್ಕೇ ಋಣವನ್ನು ಒಪ್ಪಿಕೊಂಡವರೂ ಉಂಟು.

ಇನ್ನು ನಗರದ ಹೃದಯವೆನಿಸಿದ ಪ್ಲಾಜಾ ದೆ ಮಾಯೊ, ಎಂದರೆ ಮೇ ಚೌಕ. 1810ರ ಮೇ ತಿಂಗಳಿನ ಕ್ರಾಂತಿಯ ಹೆಸರು ಹೊತ್ತ ಸ್ಥಳ. ಒಂದು ಕಡೆ ಗುಲಾಬಿ ಬಣ್ಣದ ಅಧ್ಯಕ್ಷರ ಕಾರ್ಯಸೌಧ, ನಡುವೆ 1811ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭ. 1955ರ ಜೂನ್ 16ರಂದು ಸ್ವಂತ ದೇಶದ ಸೇನೆಯ ವಿಮಾನಗಳೇ ಈ ಚೌಕದ ಮೇಲೆ ಬಾಂಬು ಸುರಿದು ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದುವು. ಸಮೀಪದ ಸಚಿವಾಲಯವೊಂದರ ಅಮೃತಶಿಲೆಯಲ್ಲಿ ಅಂದಿನ ಗಾಯಗಳಿವೆ. ತೋರಿಸುವವರಿಲ್ಲದಿದ್ದರೆ ಅವು ಹಾದುಹೋಗುವವರ ಕಣ್ಣಿಗೆ ಬೀಳುವುದಿಲ್ಲ.

1976ರ ಮಾರ್ಚ್ 24ರಂದು ಸೇನಾಧಿಕಾರಿಗಳು ಆಳ್ವಿಕೆಯನ್ನು ಕಿತ್ತುಕೊಂಡರು. 1983ರ ಡಿಸೆಂಬರಿನವರೆಗೆ ಅವರದೇ ರಾಜ್ಯ. ವಿದ್ಯಾರ್ಥಿಗಳು, ಕಾರ್ಮಿಕರು, ಅಧ್ಯಾಪಕರು ಮನೆಯಿಂದ ಎಳೆದೊಯ್ಯಲ್ಪಟ್ಟು ಮರಳಿ ಬರಲಿಲ್ಲ. 1984ರ ವಿಚಾರಣಾ ಮಂಡಲಿ 8961 ಮಂದಿಯ ಸಂಗತಿಯನ್ನು ದಾಖಲಿಸಿತು. ಮಾನವ ಹಕ್ಕುಗಳ ಸಂಘಗಳು ಹೇಳುವ ಸಂಖ್ಯೆ 30,000. ಅವರನ್ನು ಆ ದೇಶದವರು 'ಕಾಣೆಯಾದವರು' ಎಂದೇ ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಒಂದು ವಿಚಿತ್ರ ಬಲವಿದೆ. 'ನಾ ಕಾಣೆ' ಎಂದರೆ ನೋಡಿಲ್ಲವೆಂದೂ ಹೌದು, ತಿಳಿಯದೆಂದೂ ಹೌದು. ಎಳೆದೊಯ್ದ ರಾತ್ರಿ ನೆರೆಮನೆಯವರು ಬಾಗಿಲ ಸಂದಿಯಿಂದ ಕಂಡಿರಬಹುದು. ಬೆಳಗಾದ ಮೇಲೆ 'ಕಾಣೆವು' ಎಂದಿರಬಹುದು. 'ಏನೋ ಮಾಡಿದ್ದಿರಬೇಕು, ಸುಮ್ಮನೆ ಒಯ್ಯುತ್ತಾರೆಯೇ' ಎಂಬುದು ಆ ಕಾಲದಲ್ಲಿ ಅಲ್ಲಿ ಜನಜನಿತವಾಗಿದ್ದ ಮಾತು. ಕಂಡವರು ಕಾಣೆವೆಂದಾಗಲೇ ಒಬ್ಬನು ಪೂರ್ತಿಯಾಗಿ ಕಾಣೆಯಾಗುವುದು. ಕುರುಸಭೆಯ ಹಿರಿಯರ ಮೌನವನ್ನು ತರಗತಿಯಲ್ಲಿ ಪಾಠ ಹೇಳುವಾಗ ನಾವು ಸುಲಭವಾಗಿ ಖಂಡಿಸಿಬಿಡುತ್ತೇವೆ. ಆ ಸಭೆಯಲ್ಲಿ ನಾವಿದ್ದಿದ್ದರೆ ಎಂಬುದನ್ನು ಮಾತ್ರ ವಿದ್ಯಾರ್ಥಿಗಳು ಕೇಳದಿರಲಿ ಎಂದು ಬಯಸುತ್ತೇವೆ.

1977ರ ಏಪ್ರಿಲ್ 30ರಂದು ಅಸುಸೇನ ವಿಜಾಫ್ಲೋರ್ ಎಂಬಾಕೆಯ ಮುಂದಾಳುತನದಲ್ಲಿ ಹದಿನಾಲ್ಕು ಮಂದಿ ತಾಯಂದಿರು ಮಕ್ಕಳ ಸುದ್ದಿ ಕೇಳುವುದಕ್ಕಾಗಿ ಈ ಚೌಕಕ್ಕೆ ಬಂದರು. ಗುಂಪುಗೂಡಿ ನಿಲ್ಲುವುದು ನಿಷಿದ್ಧ, ನಡೆಯಿರಿ ಎಂದು ಪೋಲೀಸರು ಗದರಿಸಿದರು. ಅವರು ನಡೆದರು, ಅಲ್ಲಿಂದಾಚೆಗಲ್ಲ, ಸ್ತಂಭದ ಸುತ್ತ. ಆ ನಡಿಗೆ ಇಂದಿಗೂ ಪ್ರತಿ ಗುರುವಾರ ಮಧ್ಯಾಹ್ನ ಮೂರೂವರೆಗೆ ನಡೆದುಬಂದಿದೆ. ಗುರುತಿಗಾಗಿ ಅವರು ತಲೆಗೆ ಕಟ್ಟಿದ ಬಿಳಿಯ ವಸ್ತ್ರ ಮೊದಲು ಹಸುಗೂಸುಗಳಿಗೆ ಕಟ್ಟುವ ಬಟ್ಟೆಯಾಗಿತ್ತು. ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ನಮ್ಮಲ್ಲಿ ಅಪ್ರದಕ್ಷಿಣೆ ಪಿತೃಕಾರ್ಯಕ್ಕೆ ಸಲ್ಲುವುದು. ಆ ತಾಯಂದಿರಾದರೋ ಮಕ್ಕಳು ಸತ್ತರೆಂಬುದನ್ನು ಒಪ್ಪದೆ, ಜೀವಸಹಿತ ಒಯ್ದವರನ್ನು ಜೀವಸಹಿತ ತಂದೊಪ್ಪಿಸಿರೆಂದೇ ಕೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಸುಸೇನಳನ್ನೂ ಎಳೆದೊಯ್ದರು. ಹೆಸರಿಲ್ಲದ ಗೋರಿಯಲ್ಲಿದ್ದ ಆಕೆಯ ಅಸ್ಥಿಯ ಗುರುತು ಹತ್ತಿದುದು 2005ರಲ್ಲಿ. ಭಸ್ಮವನ್ನು ಆ ಸ್ತಂಭದ ಬುಡದಲ್ಲಿಯೇ ಇಟ್ಟರು.

ಇಂಥ ಸ್ಥಳಕ್ಕೆ ಪರದೇಶದವನೊಬ್ಬನು ಕ್ಯಾಮೆರಾ ತೂಗಿಕೊಂಡು ಬರುವುದು ಉಚಿತವೇ? ಪರರ ಶೋಕವು ನಮ್ಮ ವಿನೋದಕ್ಕಲ್ಲ, ಹೋಗದಿರುವುದೇ ಸಭ್ಯತೆ ಎಂದು ಬಲ್ಲವರು ಹೇಳಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ 1978ರ ಒಂದು ಸಂಗತಿ ನಮ್ಮ ಅಭಿಪ್ರಾಯವನ್ನು ಅಲುಗಿಸಿದೆ.

ಆ ವರ್ಷ ವಿಶ್ವ ಕಾಲ್ಚೆಂಡಿನ ಪಂದ್ಯಗಳು ಅರ್ಜೆಂಟೀನದಲ್ಲಿ ನಡೆದುವು. ಸೇನಾ ಸರ್ಕಾರಕ್ಕೆ ಅದು ತನ್ನ ಮುಖವನ್ನು ತೊಳೆದು ಲೋಕಕ್ಕೆ ತೋರಿಸುವ ಸದವಕಾಶ. ಜೂನ್ 1, ಉದ್ಘಾಟನೆಯ ದಿನ, ಗುರುವಾರವಾಗಿತ್ತು. ಎಲ್ಲರ ಕಣ್ಣೂ ಕ್ರೀಡಾಂಗಣದ ಕಡೆಗಿದ್ದಾಗ ವಿದೇಶದ ಕೆಲವು ಪತ್ರಕರ್ತರು, ಮುಖ್ಯವಾಗಿ ಹಾಲೆಂಡಿನ ದೂರದರ್ಶನದವರು, ಚೌಕಕ್ಕೆ ಬಂದು ಬಿಳಿಯ ವಸ್ತ್ರದ ತಾಯಂದಿರನ್ನು ಚಿತ್ರಿಸಿ ಹೊರಲೋಕಕ್ಕೆ ತೋರಿದರು. ಆಟ ನೋಡಲೆಂದು ಕಳುಹಿಸಿದ ಕಣ್ಣುಗಳೇ ಅವು. ತಾಯಂದಿರು ಚೌಕದಲ್ಲಿ ಸುತ್ತುತ್ತಿದ್ದುದೂ ಯಾರಾದರೂ ನೋಡಲಿ ಎಂದೇ. ಅವರಿಗೆ ಪರರ ನೋಟವು ಅವಮಾನವಲ್ಲ, ಒಂದು ಬಗೆಯ ರಕ್ಷೆ.

ಅದೇ ತಿಂಗಳ 25ರಂದು ಕಡೆಯ ಪಂದ್ಯದಲ್ಲಿ ಅರ್ಜೆಂಟೀನ ಹಾಲೆಂಡನ್ನು 3-1ರಿಂದ ಸೋಲಿಸಿತು. ಆ ಕ್ರೀಡಾಂಗಣದಿಂದ ಒಂದೆರಡು ಕಿಲೋಮೀಟರಿನೊಳಗೆ ನೌಕಾಪಡೆಯ ಯಂತ್ರವಿದ್ಯಾ ಶಾಲೆಯಿತ್ತು. ಹೆಸರಿಗೆ ಶಾಲೆ, ಅದರ ಅಧಿಕಾರಿಗಳ ವಸತಿಯ ಅಟ್ಟದಲ್ಲಿ ತಲೆಗೆ ಮುಸುಕು ಹಾಕಿ, ಸರಪಳಿ ತೊಡಿಸಿ ಬಂದಿಗಳನ್ನು ಮಲಗಿಸಿದ್ದರು. ಸುಮಾರು 5000 ಮಂದಿ ಅಲ್ಲಿ ಹಾದುಹೋದರೆಂದು ಗಣನೆ. ಬದುಕಿ ಬಂದವರು ಕೆಲವರು. ಗೋಲು ಬಿದ್ದಾಗ ಎದ್ದ ಜನಘೋಷ ತಮಗೆ ಕೇಳಿಸಿತೆಂದು ಉಳಿದವರು ಹೇಳಿದ್ದಾರೆ. ಕ್ರೀಡಾಂಗಣದಲ್ಲಿದ್ದ ಸಾವಿರಾರು ಜನಕ್ಕೂ ಕಣ್ಣಿತ್ತು. ಅವರನ್ನು ಪಾಪಿಗಳೆನ್ನಲು ನಮಗೆ ಅಧಿಕಾರವಿಲ್ಲ. ಗೆದ್ದಾಗ ಕೂಗುವುದು ಮನುಷ್ಯಸಹಜ. ಕಣ್ಣಿದ್ದ ಮಾತ್ರಕ್ಕೆ ಸಾಕ್ಷಿಯಾಗಲಿಲ್ಲ ಎಂಬಷ್ಟೇ ನಮ್ಮ ಮಾತು. 'ಸಾಕ್ಷಿ' ಎಂಬ ಪದದ ಒಳಗೆ 'ಅಕ್ಷಿ' ಇದೆ. ಆದರೆ ಅಕ್ಷಿಯುಳ್ಳವರೆಲ್ಲ ಸಾಕ್ಷಿಗಳಲ್ಲ.

ಆ ಶಾಲೆ 2004ರಲ್ಲಿ ಸ್ಮೃತಿಸ್ಥಳವೆಂದು ಘೋಷಿತವಾಗಿ, 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಯಾರು ಬೇಕಾದರೂ ಹೋಗಿ ಅಟ್ಟವನ್ನು ನೋಡಬಹುದು. ನದಿಯ ದಡದಲ್ಲಿ ಸ್ಮೃತಿವನವೆಂಬ ಇನ್ನೊಂದು ಸ್ಥಳವಿದೆ. ಬಂದಿಗಳನ್ನು ವಿಮಾನದಿಂದ ಜೀವಂತ ನೀರಿಗೆಸೆದುದರಿಂದ ಅಲ್ಲಿಯೇ ಕಟ್ಟಿದರು. ಅಲ್ಲಿನ ಉದ್ದನೆಯ ಗೋಡೆಗಳಲ್ಲಿ 30,000 ಕಲ್ಲಿನ ಫಲಕಗಳಿವೆ. ಹೆಸರು ಕೆತ್ತಿರುವುದು ಸುಮಾರು 9000 ಫಲಕಗಳಿಗೆ ಮಾತ್ರ, ಉಳಿದುವು ಬರಿದು. ನಮ್ಮ ಮಟ್ಟಿಗೆ ಆ ನಗರದಲ್ಲಿ ನೋಡತಕ್ಕುದೆಂದರೆ ಆ ಬರಿದಾದ ಫಲಕಗಳೇ. ಹೆಸರುಳ್ಳ ಕಲ್ಲನ್ನು ಓದಿ ಮುಂದೆ ಸಾಗಬಹುದು. ಬರಿದಾದ ಕಲ್ಲಿನಲ್ಲಿ ಓದುವುದಕ್ಕೇನೂ ಇಲ್ಲದುದರಿಂದ ಬೇಗನೆ ಸಾಗಲಾಗದು.

ಗುರುವಾರ ಚೌಕಕ್ಕೆ ಬರುವ ಪ್ರವಾಸಿಗಳಲ್ಲಿ ದೂರ ನಿಂತು ಚಿತ್ರ ತೆಗೆದುಕೊಂಡು ಹೋಗುವವರಿದ್ದಾರೆ. ಜೊತೆಗೂಡಿ ಒಂದು ಸುತ್ತು ನಡೆಯುವವರೂ ಇದ್ದಾರೆ, ಬೇಡವೆನ್ನುವವರಿಲ್ಲ. ಮೊದಲು ಸುತ್ತಿದ ತಾಯಂದಿರಲ್ಲಿ ಅನೇಕರು ಈಗಿಲ್ಲ, ಇರುವವರು ತೊಂಬತ್ತರ ಆಸುಪಾಸಿನವರು. ಸ್ತಂಭದ ಸುತ್ತ ನೆಲದ ಮೇಲೆ ಬಿಳಿಯ ಶಿರೋವಸ್ತ್ರದ ಚಿತ್ರಗಳಿವೆ. ಸೌಧದ ಕಡೆ ಮುಖ ಮಾಡಿ ಬರುವವನು ಅವುಗಳನ್ನು ಮೆಟ್ಟಿಯೂ ಹೋಗಬಹುದು, ಬಳಸಿಯೂ ಹೋಗಬಹುದು. ಕಾವಲುಗಾರರು ಯಾರೂ ಹೇಳುವುದಿಲ್ಲ.