ಸಾಕುವುದು ಮತ್ತು ಜೊತೆಗಿರುವುದು

ಶ್ರಾವಕನ ಮನೆಯಲ್ಲಿ ಬೆಕ್ಕು ಇರಬಹುದೇ? ಪ್ರಶ್ನೆ ಚಿಕ್ಕದೆಂದು ತೋರಿದರೂ ಆಚಾರ್ಯರು ಅದನ್ನು ಅಲಕ್ಷಿಸಿಲ್ಲ. ‘ಕಾರ್ತಿಕೇಯಾನುಪ್ರೇಕ್ಷೆ’ಯು ಬೆಕ್ಕು ಮುಂತಾದ ಹಿಂಸ್ರಜೀವಿಗಳ ಪಾಲನೆಯನ್ನು ಆಯುಧ ವಿಕ್ರಯದೊಡನೆ ಸೇರಿಸಿ ಅನರ್ಥದಂಡದಲ್ಲಿ ಎಣಿಸುತ್ತದೆ. ಇಲಿಗಳನ್ನು ಕೊಲ್ಲಿಸಲೆಂದೇ ಬೆಕ್ಕನ್ನು ತಂದಿರಿಸಿಕೊಂಡವನು ತಾನು ಕೊಲ್ಲದಿದ್ದರೂ ‘ಕಾರಿತ’ದ ದೋಷದಿಂದ ಪಾರಾಗಲಾರನು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆ ಪೇಟೆಯ ಇಕ್ಕಟ್ಟನ್ನು ತೊರೆದು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸಿದ ಕುಟುಂಬಗಳು ಅನೇಕ. ಇಲಿ ಬಿದ್ದಿತೆಂದರೆ ಮನೆ ಬಿಡುತ್ತಿದ್ದ ಕಾಲವದು. ಆ ಭಯವು ಸಹಜವೇ ಆದರೂ ಅದರಿಂದ ದೋಷವು ಗುಣವಾಗದು.

ಆದರೆ ಯಾರೂ ತಾರದೆ ತಾನಾಗಿ ಬಂದ ಬೆಕ್ಕಿನ ವಿಷಯವೇನು? ಚಾಮರಾಜಪೇಟೆಯ ಹಳೆಯ ಹೆಂಚಿನ ಮನೆಗಳಲ್ಲಿ ಅದು ಸೂರಿನಿಂದ ಹಿತ್ತಿಲಿಗಿಳಿದು, ದಿನಗಳೆದಂತೆ ನಡುಮನೆಗೆ ಬರುತ್ತದೆ. ಮಕ್ಕಳು ದೂರದೇಶ ಸೇರಿ ಒಂಟಿಯಾಗಿ ಉಳಿದ ಶ್ರಾವಿಕೆಯು ಸ್ವಾಧ್ಯಾಯಕ್ಕೆ ಕುಳಿತರೆ ಮಣೆಯ ಬಳಿ ಮುದುಡಿ ಮಲಗುತ್ತದೆ. ಇಬ್ಬರ ನಡುವೆ ಮಾತಿಲ್ಲ, ಬೇಡಿಕೆಯೂ ಹೆಚ್ಚಿಲ್ಲ. ಆದರೂ ಮನೆ ಬರಿದೆನಿಸುವುದಿಲ್ಲ. ಇಂತಹ ಜೀವವನ್ನು ಹೊಡೆದಟ್ಟುವುದು ಧರ್ಮವೇ? ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಟ್ಟಿಹಾಕುವುದನ್ನೂ, ಹೊಡೆಯುವುದನ್ನೂ, ಅನ್ನಪಾನಗಳನ್ನು ತಡೆಯುವುದನ್ನೂ ಹೇಳಿದೆ.

ಇಲ್ಲಿ ಇನ್ನೊಂದು ತೊಡಕುಂಟು. ಹಾಲನ್ನವನ್ನಷ್ಟೇ ಉಣಿಸಿ ಬೆಕ್ಕನ್ನು ಅಹಿಂಸಕವನ್ನಾಗಿ ಮಾಡಿದೆವೆಂದು ಹಿಗ್ಗುವವರಿದ್ದಾರೆ. ಬೆಕ್ಕಿನ ದೇಹವು ಟಾರೀನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣೂ ಹೃದಯವೂ ಕೆಡುತ್ತವೆ. ಬೆಕ್ಕನ್ನು ಒಳಗೆ ಕೂಡಿಹಾಕಿ ಹಾಲನ್ನದಲ್ಲೇ ಇರಿಸಿದರೆ ಅದು ಪೀಡೆ. ಅದಕ್ಕಾಗಿ ಮಾಂಸವನ್ನು ಕೊಂಡು ತಂದರೆ ವ್ರತಭಂಗ. ವ್ರತವು ತಿಳಿದು ಸ್ವೀಕರಿಸುವಂಥದೇ ಹೊರತು ಇನ್ನೊಂದು ಜೀವದ ಮೇಲೆ ಹೇರುವಂಥದಲ್ಲ.

ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯು ಇಂತಹುದೇ ಸಂದಿಗ್ಧಕ್ಕೆ ಒಂದು ಮಾರ್ಗವನ್ನು ಕಂಡುಕೊಂಡಿದೆ. ಮಾಂಸಾಹಾರಿ ಪಕ್ಷಿಗಳನ್ನು ಅಲ್ಲಿ ಇರಿಸಿಕೊಳ್ಳುವುದಿಲ್ಲ. ಆದರೆ ಗಾಯಗೊಂಡು ಬಂದ ಹದ್ದಿಗೆ ಚಿಕಿತ್ಸೆ ಮಾಡಿಯೇ ಕಳುಹಿಸುತ್ತಾರೆ. ಪಾಲನೆ ಬೇರೆ, ಕರುಣೆ ಬೇರೆ ಎಂಬ ವಿವೇಕ ಇಲ್ಲಿದೆ.

ಗೃಹಸ್ಥನಿಗೂ ಇದೇ ದಾರಿ. ಬೆಕ್ಕನ್ನು ಕೊಂಡು ತರಬಾರದು, ಕಟ್ಟಿಹಾಕಬಾರದು, ಇಲಿಯ ಮೇಲೆ ಬಿಡಬಾರದು. ಮನೆಯಲ್ಲಿ ಸಲ್ಲುವ ಆಹಾರವನ್ನು ಕೊಟ್ಟು, ಬಾಗಿಲನ್ನು ತೆರೆದಿಡಬೇಕು. ಕಾಳುಕಡಿಗಳನ್ನು ಮುಚ್ಚಿಟ್ಟು ಬಿಲಗಳನ್ನು ಮುಂಚಿತವಾಗಿಯೇ ತಡೆದರೆ ಇಲಿಯೂ ಆ ಮನೆಗೆ ಬಂದು ಸಾಯುವುದು ತಪ್ಪುತ್ತದೆ. ಬೆಕ್ಕು ಹೊರಗೆ ಬೇಟೆಯಾಡುವುದನ್ನು ಪೂರ್ಣವಾಗಿ ತಡೆಯುವುದು ಗೃಹಸ್ಥನ ಕೈಯಲ್ಲಿಲ್ಲ. ಅದನ್ನು ಪ್ರೇರಿಸದಿರುವುದು, ಮೆಚ್ಚದಿರುವುದು ಅವನ ಕೈಯಲ್ಲಿದೆ.

‘ನನ್ನ ಬೆಕ್ಕು’ ಎಂದೊಡನೆ ಪರಿಗ್ರಹವು ಮೊದಲಾಗುತ್ತದೆ. ಬೆಕ್ಕು ಆ ಮಮಕಾರಕ್ಕೆ ಸುಲಭವಾಗಿ ಒಳಪಡುವ ಪ್ರಾಣಿಯಲ್ಲ. ಬೇಕೆನಿಸಿದಾಗ ಬರುತ್ತದೆ, ಬೇಡವೆನಿಸಿದಾಗ ಹೋಗುತ್ತದೆ. ತೀರ್ಥಂಕರರ ಸಮವಸರಣದಲ್ಲಿ ತಿರ್ಯಂಚ ಜೀವಗಳಿಗೂ ಒಂದು ಕೋಷ್ಠವುಂಟು. ಅಲ್ಲಿ ಅವು ಯಾರ ಸ್ವತ್ತೂ ಅಲ್ಲ, ಜೊತೆಗೆ ಕುಳಿತ ಜೀವಗಳು. ಮನೆಯ ಜಗಲಿಯಲ್ಲಿ ಬೆಕ್ಕಿಗೆ ಅಷ್ಟು ಸ್ಥಳವನ್ನು ಬಿಟ್ಟುಕೊಡುವುದರಿಂದ ಶ್ರಾವಕಧರ್ಮಕ್ಕೆ ಕುಂದಿಲ್ಲ.