ಬಂಡೆಯ ಚಿತ್ರವೂ ಕೊಟ್ಟ ಮಾತೂ

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವವರಿಗೆ ಬಂಡೆಗುಡ್ಡಗಳು ಹೊಸತಲ್ಲ. ಒಂದರ ಮೇಲೊಂದು ಕುಳಿತು, ಈಗಲೋ ಆಗಲೋ ಉರುಳೀತು ಎನಿಸಿದರೂ ಉರುಳದ ಬಂಡೆಗಳು ಆಫ್ರಿಕಾದ ಜಿಂಬಾಬ್ವೆಯಲ್ಲೂ ಇವೆ. ರಾಜಧಾನಿ ಹರಾರೆಯ ಬಳಿಯ ಎಪ್‌ವರ್ತ್‌ನಲ್ಲಿರುವ ಅಂಥ ಬಂಡೆಗಳನ್ನು ಆ ದೇಶ ತನ್ನ ನೋಟುಗಳ ಮೇಲೆ ಮುದ್ರಿಸಿತು. 2009ರ ಜನವರಿಯಲ್ಲಿ ಹೊರಬಂದ ನೋಟಿನ ಮೇಲೂ ಅವೇ ಬಂಡೆಗಳು. ಅದರ ಮೌಲ್ಯ ಒಂದರ ಮುಂದೆ 14 ಸೊನ್ನೆ. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ ಡಾಲರ್! ಕೆಲವೇ ತಿಂಗಳಲ್ಲಿ ಆ ನಾಣ್ಯವನ್ನೇ ಕೈಬಿಡಲಾಯಿತು. 2015ರಲ್ಲಿ ಆ ನೋಟು ಹಿಂದಿರುಗಿಸಿದವರಿಗೆ ಸಿಕ್ಕಿದ್ದು ಅಮೆರಿಕದ 40 ಸೆಂಟ್.

ಸರಕಾರದ ಬಳಿ ಹಣವಿಲ್ಲದಾಗ ಮುದ್ರಿಸುವುದು ತಪ್ಪೇ? ನೌಕರರಿಗೆ ಸಂಬಳ ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತೆರಿಗೆ ಹಾಕುವ ಸರಕಾರ ಜನರೆದುರು ಬಂದು ಕೇಳುತ್ತದೆ. ಜನ ವಾದಿಸಬಹುದು, ಮತದಲ್ಲಿ ಉತ್ತರಿಸಬಹುದು. ಮಿತಿಯಿಲ್ಲದೆ ನೋಟು ಮುದ್ರಿಸುವ ಸರಕಾರ ಕೇಳದೆಯೇ ತೆಗೆದುಕೊಳ್ಳುತ್ತದೆ. ಹೊಲ, ಮನೆ, ವಿದೇಶಿ ಹಣ ಇದ್ದವರು ಹೇಗೋ ಪಾರಾಗುತ್ತಾರೆ. ಕೂಲಿಯವರು, ಪಿಂಚಣಿದಾರರು, ಡಬ್ಬಿಯಲ್ಲಿ ಕಾಸು ಕೂಡಿಟ್ಟವರು ಮುಳುಗುತ್ತಾರೆ. ಕೇಳದೆ ತೆಗೆದುಕೊಳ್ಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಏನೆನ್ನುತ್ತಾರೆ?

ಚಿನ್ನದ ಆಧಾರವಿದ್ದರೆ ಸಾಲದೇ ಎಂದು ಹಟ್ಟಿಯ ಗಣಿಯಿರುವ ಲಿಂಗಸುಗೂರು ತಾಲೂಕಿನವರು ಕೇಳಬಹುದು. ಜಿಂಬಾಬ್ವೆ ಅದನ್ನೂ ಮಾಡಿತು. 2024ರ ಏಪ್ರಿಲ್‌ನಲ್ಲಿ ಚಿನ್ನದ ಆಧಾರದ ಹೊಸ ಹಣ ತಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಅದರ ಬೆಲೆಯನ್ನು ಶೇಕಡಾ 40ಕ್ಕೂ ಹೆಚ್ಚು ಇಳಿಸಬೇಕಾಯಿತು. ಒಮ್ಮೆ ಹೋದ ನಂಬಿಕೆ ಚಿನ್ನಕ್ಕೂ ಬೇಗ ಮರಳಿ ಬರುವುದಿಲ್ಲ.

ನೋಟೆಂದರೆ ಕೊಟ್ಟ ಮಾತು. ನಮ್ಮ ನೋಟಿನ ಮೇಲೂ ರಿಸರ್ವ್ ಬ್ಯಾಂಕ್ ಗವರ್ನರರ ವಚನವಿದೆ, ಸಹಿಯಿದೆ. ಸಿಂಧನೂರಿನ ಕಾಲುವೆಯ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡಿ, ಸಂಜೆ ಕೂಲಿಯ ನೋಟನ್ನು ಸೆರಗಿಗೆ ಗಂಟು ಹಾಕುವ ಹೆಣ್ಣುಮಗಳು ಆ ಸಹಿ ಹಾಕಿದವರನ್ನು ಕಂಡಿಲ್ಲ. ಆದರೂ ನಂಬುತ್ತಾಳೆ. ನಾಳೆಯ ಅಕ್ಕಿ ಆ ನಂಬಿಕೆಯ ಮೇಲಿದೆ.

ಮಸ್ಕಿಯ ಬಂಡೆಯಲ್ಲಿ ಅಶೋಕನ ಶಾಸನ 2,200 ವರ್ಷಗಳಿಂದಲೂ ಇದೆ. 1915ರಲ್ಲಿ ಅದನ್ನು ಗುರುತಿಸಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಅವರಿಗೆ ಸಿಕ್ಕ ಆ ಬರಹದ ಸಾರ, ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಯತ್ನಿಸಿದರೆ ಸಣ್ಣವರಿಗೂ ಸಾಧ್ಯ ಎಂಬುದು. ಆಳುವವರ ಮಾತನ್ನು ಸಣ್ಣವರಿಂದಲೇ ಅಳೆಯಬೇಕು. ಆಳುವವರದಷ್ಟೇ ಏಕೆ? ಕೂಲಿಯನ್ನು ತಿಂಗಳುಗಟ್ಟಲೆ ತಡೆದು, ಬೆಲೆ ಏರಿದ ಮೇಲೆ ಹಳೆಯ ದರದಲ್ಲೇ ಎಣಿಸಿಕೊಡುವವರೂ ಅದೇ ಅನ್ಯಾಯವನ್ನು ಮಾಡುತ್ತಿದ್ದಾರೆ. ಅದಕ್ಕೆ ನೋಟು ಮುದ್ರಿಸುವ ಯಂತ್ರವೂ ಬೇಕಾಗಿಲ್ಲ.